ಎರಡನೇ ಸದಸ್ಯರಿಗಿಂತ ಮೊದಲು ಹತ್ತನೆಯವರು ಬರುವುದೇಕೆ?

ಪ್ರಶ್ನೆ: ನಮ್ಮೂರ ಹಾಲಿನ ಡೇರಿಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಒಂದನ್ನು ಬರೆದುಕೊಟ್ಟಿದ್ದೇನೆ. ಸುಮಾರು 200 ಸದಸ್ಯರಿದ್ದಾರೆ, ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು ಹಾಕುತ್ತಾರೆ. ಡೇಟಾ ಇರುವುದು ಲೆವೆಲ್‌ಡಿಬಿಯಲ್ಲಿ, ಅಂದರೆ ಪ್ರತಿ ರೆಕಾರ್ಡನ್ನೂ ಕೀ (ಗುರುತು), ವ್ಯಾಲ್ಯೂ (ಮಾಹಿತಿ) ಎಂಬ ಜೋಡಿಯಾಗಿ ಇಡುವ ಡೇಟಾಬೇಸ್‌ನಲ್ಲಿ. ಕೀ "10-05-08-2024-1" ಅಂತಿದೆ: ಸದಸ್ಯರ ನಂಬರ್, ದಿನಾಂಕ, ಕೊನೆಗೆ ಹೊತ್ತು (ಬೆಳಿಗ್ಗೆಗೆ 1, ಸಂಜೆಗೆ 2). ವ್ಯಾಲ್ಯೂನಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ಲೆವೆಲ್‌ಡಿಬಿ ಎಲ್ಲವನ್ನೂ ಸಾರ್ಟ್ ಮಾಡಿಯೇ ಇಡುತ್ತದೆ ಎಂದು ಓದಿದ್ದೆ. ಆದರೆ ಪಟ್ಟಿ ತೆಗೆದರೆ 1, 10, 100 ಬಂದು ಆಮೇಲೆ 2 ಬರುತ್ತದೆ. ಸೆಪ್ಟೆಂಬರ್ 1 ಆಗಸ್ಟ್ 31ಕ್ಕಿಂತ ಮೊದಲೇ ಬರುತ್ತದೆ. ಸದ್ಯಕ್ಕೆ ಎಲ್ಲಾ ರೆಕಾರ್ಡ್ ಓದಿಕೊಂಡು ಪೈಥಾನ್‌ನಲ್ಲೇ ಸಾರ್ಟ್ ಮಾಡುತ್ತಿದ್ದೇನೆ. ಹೆಸರಿನ ಪಟ್ಟಿಯಲ್ಲೂ ಕಾಳಮ್ಮ ಆದ ಮೇಲೆ ಕಾವೇರಮ್ಮ ಬರುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ಲೆವೆಲ್‌ಡಿಬಿ ಸಾರ್ಟ್ ಮಾಡಿಯೇ ಇಟ್ಟಿದೆ. ಆದರೆ ಅದಕ್ಕೆ ನಂಬರೂ ಗೊತ್ತಿಲ್ಲ, ತಾರೀಕೂ ಗೊತ್ತಿಲ್ಲ. ಅದು ನೋಡುವುದು ಬರೀ ಬೈಟ್, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಸಂಖ್ಯೆಗಳು. ಎರಡು ಕೀಗಳನ್ನು ಎಡದಿಂದ ಒಂದೊಂದೇ ಬೈಟ್ ಹೋಲಿಸುತ್ತಾ ಹೋಗಿ, ಎಲ್ಲಿ ಬೇರೆಯಾಯಿತೋ ಅಲ್ಲೇ ತೀರ್ಮಾನ ಮಾಡುತ್ತದೆ. "10" ಅಂದರೆ ಅದಕ್ಕೆ 31, 30 ಎಂಬ ಎರಡು ಬೈಟ್ (ಹೆಕ್ಸ್ ಎಂಬ ಹದಿನಾರರ ಎಣಿಕೆಯಲ್ಲಿ). "2" ಅಂದರೆ 32. ಮೊದಲ ಬೈಟ್‌ನಲ್ಲೇ 31 ಚಿಕ್ಕದು, ಹಾಗಾಗಿ ಹತ್ತು ಮುಂದೆ. ತಾರೀಕಿನ ಕಥೆಯೂ ಅಷ್ಟೇ. ದಿನ ಮೊದಲು ಬರೆದರೆ "01-09" ಯಾವತ್ತೂ "31-08"ಕ್ಕಿಂತ ಮುಂದೆಯೇ.

ಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಾದರೆ ಯಾವ ಕ್ರಮ ಬೇಕು ಎಂದು ಓದುವಾಗ ಹೇಳಬಹುದು. ಇಲ್ಲಿ ಕ್ರಮ ನಿರ್ಧಾರವಾಗುವುದು ಬರೆಯುವಾಗ. ನೀವು ಕಟ್ಟುವ ಕೀಯೇ ಕ್ರಮ, ಬೇರೆ ಏನೂ ಇಲ್ಲ. ಆದ್ದರಿಂದ ಕೀ ಬರೆಯುವ ಮೊದಲು, ನಾಳೆ ಈ ಡೇಟಾಕ್ಕೆ ಯಾವ ಪ್ರಶ್ನೆ ಕೇಳುತ್ತೀರಿ ಎಂದು ಯೋಚಿಸಬೇಕು. ಡೇರಿಯಲ್ಲಿ ಮುಖ್ಯ ಪ್ರಶ್ನೆ ಬಟವಾಡೆಯದು, ಅಲ್ವಾ? ಈ ಸದಸ್ಯರು ಈ ತಾರೀಕಿನಿಂದ ಆ ತಾರೀಕಿನವರೆಗೆ ಎಷ್ಟು ಹಾಲು ಹಾಕಿದ್ದಾರೆ? ಅದಕ್ಕೆ ಕೀ ಹೀಗಿರಲಿ:

0010|20240805|1

ನಂಬರ್ ಮುಂದೆ ಸೊನ್ನೆ ತುಂಬಿಸಿ ನಾಲ್ಕು ಅಂಕಿ ಮಾಡಿ. ತಾರೀಕು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರಲಿ. ಕೊನೆಗೆ ಹೊತ್ತು. ಈಗ ಬೈಟ್ ಕ್ರಮವೂ ನಿಮಗೆ ಬೇಕಾದ ಕ್ರಮವೂ ಒಂದೇ. ಆಗಸ್ಟ್ ಮೊದಲ ಹದಿನೈದು ದಿನದ ಲೆಕ್ಕ ಬೇಕಾದರೆ ಇಟರೇಟರನ್ನು (ಕೀಗಳನ್ನು ಸಾಲಾಗಿ ಓದುತ್ತಾ ಹೋಗುವ ಸಾಧನ) "0010|20240801"ರಿಂದ ಶುರು ಮಾಡಿ "0010|20240816"ಕ್ಕೆ ನಿಲ್ಲಿಸಿ. ಹದಿನಾರು ಯಾಕೆಂದರೆ, ಪೈಥಾನ್‌ನಿಂದ ಲೆವೆಲ್‌ಡಿಬಿ ಬಳಸಲು ಇರುವ ಪ್ಲೈವೆಲ್ ಲೈಬ್ರರಿಯಲ್ಲಿ ಶುರುವಿನ ಕೀ ಸೇರುತ್ತದೆ, ಕೊನೆಯದು ಸೇರುವುದಿಲ್ಲ. ಹದಿನೈದು ಎಂದು ಕೊಟ್ಟರೆ ಕೊನೆ ದಿನದ ಹಾಲು ಪೂರ್ತಿ ಬಿಟ್ಟುಹೋಗುತ್ತದೆ. ಬಟವಾಡೆ ದಿನ ಜಗಳ ಗ್ಯಾರಂಟಿ.

ಹೀಗೆ ಓದಿದರೆ ಕೀ ಕ್ರಮದಲ್ಲಿ ಅಕ್ಕಪಕ್ಕ ಇರುವ ಮೂವತ್ತು ರೆಕಾರ್ಡ್ ಮಾತ್ರ ಬರುತ್ತವೆ. 200 ಸದಸ್ಯರು ದಿನಕ್ಕೆ ಎರಡು ಸಲ ಎಂದರೆ ವರ್ಷಕ್ಕೆ 1,46,000 ರೆಕಾರ್ಡ್. ಅಷ್ಟನ್ನು ಪೈಥಾನ್‌ನಲ್ಲಿ ಸಾರ್ಟ್ ಮಾಡುವುದು ಕಂಪ್ಯೂಟರಿಗೆ ಕಷ್ಟವೇನಲ್ಲ, ಆದರೆ ಮೂವತ್ತು ಸಾಲಿಗಾಗಿ ಸುಮ್ನೆ ಇಡೀ ವರ್ಷ ಓದುವುದೇಕೆ? ಪ್ರತಿ ಕೀಯಲ್ಲೂ "0010|2024" ಎಂದು ಬರೆದು ಜಾಗ ಹಾಳಾಗುತ್ತದೆ ಎಂಬ ಚಿಂತೆಯೂ ಬೇಡ. ಹಿಂದಿನ ಕೀಗೂ ಈ ಕೀಗೂ ಶುರುವಿನಲ್ಲಿ ಎಷ್ಟು ಒಂದೇ ಇದೆಯೋ ಅಷ್ಟನ್ನು ಲೆವೆಲ್‌ಡಿಬಿ ಮತ್ತೆ ಬರೆಯುವುದಿಲ್ಲ. ಹದಿನಾರು ಕೀಗೆ ಒಮ್ಮೆ ಮಾತ್ರ ಪೂರ್ತಿ ಬರೆಯುತ್ತದೆ.

ಕೆಲವರು ನಂಬರನ್ನು ಅಕ್ಷರದ ಬದಲು ನಾಲ್ಕು ಬೈಟ್‌ನ ಇಂಟಿಜರ್ ಆಗಿಯೇ ಇಡುತ್ತಾರೆ. ಇಡಬಹುದು, ಆದರೆ ಬಿಗ್ ಎಂಡಿಯನ್ (ದೊಡ್ಡ ಸ್ಥಾನದ ಬೈಟ್ ಮೊದಲು) ಆಗಿರಬೇಕು. ಚಿಕ್ಕ ಸ್ಥಾನದ ಬೈಟ್ ಮೊದಲು ಬರುವ ಲಿಟಲ್ ಎಂಡಿಯನ್‌ನಲ್ಲಿ 256 ಅಂದರೆ 00 01 00 00, 1 ಅಂದರೆ 01 00 00 00. ಒಂದಕ್ಕಿಂತ ಇನ್ನೂರ ಐವತ್ತಾರು ಮುಂದೆ ಬಂದು ಕೂರುತ್ತದೆ! ನಿಮ್ಮ ಡೇರಿಗೆ ಸೊನ್ನೆ ತುಂಬಿಸಿದ ಅಂಕಿಯೇ ಸಾಕು. ಏನಾದರೂ ಎಡವಟ್ಟಾದಾಗ ಕೀಯನ್ನು ಕಣ್ಣಲ್ಲೇ ಓದಬಹುದು.

"ಇವತ್ತು ಬೆಳಿಗ್ಗೆ ಒಟ್ಟು ಎಷ್ಟು ಲೀಟರ್?" ಎಂಬ ಪ್ರಶ್ನೆಗೆ ಮಾತ್ರ ಈ ಕೀ ಸಾಲದು. ಅದಕ್ಕೆ ತಾರೀಕು ಮುಂದಿರುವ ಇನ್ನೊಂದು ಕೀ ಬೇಕು: 20240805|1|0010. ಎರಡೂ ಒಂದೇ ಡೇಟಾಬೇಸ್‌ನಲ್ಲಿ ಬೆರೆಯದಂತೆ ಮೊದಲ ಬಗೆಯ ಕೀಗಳ ಮುಂದೆ "1|", ಎರಡನೆಯದರ ಮುಂದೆ "2|" ಸೇರಿಸಿ. ಎರಡನ್ನೂ ಒಂದೇ ರೈಟ್ ಬ್ಯಾಚ್‌ನಲ್ಲಿ ಬರೆಯಿರಿ. ಬರೆದರೆ ಎರಡೂ ಬರೆಯುತ್ತದೆ, ಇಲ್ಲದಿದ್ದರೆ ಎರಡೂ ಇಲ್ಲ. ಬೇರೆಬೇರೆಯಾಗಿ ಬರೆದರೆ ಒಂದಲ್ಲ ಒಂದು ದಿನ ನಡುವೆ ಪ್ರೋಗ್ರಾಂ ನಿಂತು ಎರಡು ಲೆಕ್ಕ ತಾಳೆಯಾಗುವುದಿಲ್ಲ. ಇಂಥ ಮೂರನೇ, ನಾಲ್ಕನೇ ಪ್ರಶ್ನೆ ಬರುವ ಹಾಗಿದ್ದರೆ, ನನ್ನ ಕೇಳಿದರೆ, ಒಂದೇ ಫೈಲಿನಲ್ಲಿರುವ ಎಸ್‌ಕ್ಯೂಎಲ್ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ಗೆ ಹೋಗುವುದೇ ವಾಸಿ. ಇಂಥ ಹೆಚ್ಚುವರಿ ಕೀಗಳನ್ನು (ಇಂಡೆಕ್ಸ್) ನೋಡಿಕೊಳ್ಳುವ ಕೆಲಸ ಅದರದ್ದಾಗುತ್ತದೆ.

ಕರೆಂಟ್ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೆವೆಲ್‌ಡಿಬಿಯಲ್ಲಿ ಸಿಂಕ್ (ಬರೆದದ್ದು ಡಿಸ್ಕ್ ತಲುಪುವವರೆಗೆ ಕಾಯುವುದು) ಎಂಬ ಆಯ್ಕೆ ಮೊದಲಿಗೆ ಆಫ್ ಇರುತ್ತದೆ. ಪ್ರೋಗ್ರಾಂ ಬಿದ್ದರೆ ತೊಂದರೆಯಿಲ್ಲ. ಆದರೆ ಕರೆಂಟ್ ಹೋಗಿ ಕಂಪ್ಯೂಟರ್ರೇ ಆಫ್ ಆದರೆ ಕೊನೆಯ ಕೆಲವು ಎಂಟ್ರಿ ಹೋಗಬಹುದು. ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತವರ ಎಂಟ್ರಿ ಒಂದೊಂದೇ ತಾನೇ ಬರುವುದು, ಸಿಂಕ್ ಆನ್ ಮಾಡಿದರೆ ಆಗುವ ನಿಧಾನ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಈ ಡೇಟಾಬೇಸ್ ತೆರೆಯಬಹುದು. ಎಂಟ್ರಿ ನಡೆಯುವಾಗಲೇ ರಿಪೋರ್ಟಿಗೆ ಬೇರೆ ಪ್ರೋಗ್ರಾಂ ಓಡಬೇಕಿದ್ದರೆ ಇಂಥದೇ ಇನ್ನೊಂದು ಡೇಟಾಬೇಸ್ ಆದ ಎಲ್‌ಎಂಡಿಬಿ ನೋಡಿ. ಅಲ್ಲಿ ಬರೆಯುವವರು ಒಬ್ಬರೇ, ಓದುವವರು ಹಲವು ಜನ ಇರಬಹುದು. ಕ್ರಮ ಅಲ್ಲೂ ಬೈಟ್‌ನದೇ.

ಇನ್ನು ಕಾಳಮ್ಮ, ಕಾವೇರಮ್ಮ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯೂನಿಕೋಡ್‌ನಲ್ಲಿ ಮಾತ್ರ ಅದು ಲ ಪಕ್ಕದಲ್ಲಿ, ವ ಗಿಂತ ಮುಂದೆ ಕೂತಿದೆ, ಯಾಕೆಂದರೆ ಭಾರತದ ಮುಖ್ಯ ಲಿಪಿಗಳಿಗೆ ಇಸ್ಕಿ ಎಂಬ ಹಳೆಯ ಭಾರತೀಯ ಸಂಕೇತ ಪಟ್ಟಿಯ ಸಾಲನ್ನೇ ಇಟ್ಟುಕೊಂಡರು. ಹೀಗಾಗಿ ಬೈಟ್ ಕ್ರಮದಲ್ಲಿ ಕಾಳಮ್ಮ ಮುಂದೆ. ಒತ್ತಕ್ಷರ, ಕಾಗುಣಿತದಲ್ಲಿ ಅಷ್ಟು ತೊಂದರೆಯಿಲ್ಲ: ಕಮಲಮ್ಮ, ಕಾವೇರಮ್ಮ, ಕೃಷ್ಣಪ್ಪ ಸರಿಯಾಗಿಯೇ ಬರುತ್ತಾರೆ. ಸರಿಯಾದ ದಾರಿ ಎಂದರೆ ಭಾಷೆಗೆ ತಕ್ಕ ಅಕ್ಷರಕ್ರಮ ಗೊತ್ತಿರುವ ಐಸಿಯು ಲೈಬ್ರರಿಯಿಂದ ಕನ್ನಡದ ಸಾರ್ಟ್ ಕೀ (ಬೈಟ್ ಕ್ರಮವೇ ಅಕ್ಷರಕ್ರಮವಾಗುವ ಸಂಕೇತ) ಮಾಡಿಸಿ, ಅದನ್ನು ಕೀಯಾಗಿ ಇಟ್ಟು, ಹೆಸರನ್ನು ವ್ಯಾಲ್ಯೂನಲ್ಲಿ ಇಡುವುದು. ಆ ಕೀಯ ಕೊನೆಗೆ ಸದಸ್ಯರ ನಂಬರ್ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎರಡನೇ ಕಾಳಮ್ಮ ಮೊದಲನೆಯವರನ್ನು ಅಳಿಸಿಬಿಡುತ್ತಾರೆ. ಆದರೆ 200 ಹೆಸರಿಗೆ ಇಷ್ಟೆಲ್ಲ ಬೇಕಾ? ಇದೊಂದು ಪಟ್ಟಿಯನ್ನು ಪೈಥಾನ್‌ನಲ್ಲೇ ಸಾರ್ಟ್ ಮಾಡಿ, ಅಲ್ಲಿಗೂ ಐಸಿಯುವಿನ ಕನ್ನಡ ಕ್ರಮವನ್ನೇ ಕೊಟ್ಟರೆ ಆಯಿತು.

ಹಳೆಯ ಕೀಗಳನ್ನು ಅಲ್ಲೇ ತಿದ್ದಲು ಹೋಗಬೇಡಿ. ಹೊಸ ಫೋಲ್ಡರ್‌ನಲ್ಲಿ ಹೊಸ ಡೇಟಾಬೇಸ್ ತೆರೆದು, ಒಂದೊಂದೇ ರೆಕಾರ್ಡ್ ಓದಿ ಹೊಸ ಕೀಯಲ್ಲಿ ಬರೆಯಿರಿ. ಎರಡೂ ಕಡೆ ಒಟ್ಟು ಲೀಟರ್ ತಾಳೆ ನೋಡಿ. ಒಂದು ಬಟವಾಡೆ ಸರಿಯಾಗಿ ಮುಗಿಯುವವರೆಗೆ ಹಳೇ ಫೋಲ್ಡರ್ ಹಾಗೇ ಇರಲಿ.