ಟರ್ಕಿ ಕೋಳಿ ಇದ್ದಲಿ ಮ್ಯಾಲೆ ಸುಡೋದು: ಉಪ್ಪುನೀರಿನ ಲೆಕ್ಕ

ನಾಲ್ಕೂವರಿ ಕೆಜಿ ಟರ್ಕಿ ಸುಡೂ ಮೊದಲ ಒಂದ್ ಬಕೀಟು ನೀರಿಗೆ ನಾಕು ಮುಷ್ಟಿ ಉಪ್ಪು ಹಾಕಿ, ಅದರಾಗ ಮುಳುಗಿಸಿ ರಾತ್ರಿಯೆಲ್ಲಾ ಹೊರಗ ಇಟ್ರ ನಡೀತೈತೇನು ಅಂತ ಕೇಳೀರಿ. ನಡೆಯಂಗಿಲ್ರಿ ಅಣ್ಣಾರ. ಮುಷ್ಟಿನೂ ತಪ್ಪು, ಹೊರಗ ಇಡೋದು ಅದಕ್ಕಿಂತ ದೊಡ್ಡ ತಪ್ಪು.

ಮೊದಲ ಕೊಯ್ಯೋರಿಗೆ ಹೇಳಿಬಿಡ್ರಿ, ಚರ್ಮ ಸುಲೀಬ್ಯಾಡ, ಬಿಸಿನೀರಾಗ ಅದ್ದಿ ಪುಕ್ಕ ಅಷ್ಟ ಕೀಳು ಅಂತ. ಹುಬ್ಬಳ್ಳಿ ಅಂಗಡ್ಯಾಗ ಹೇಳದಿದ್ರ ಸುಲದು ಕೈಗೆ ಕೊಡತಾರ, ಆಮ್ಯಾಲೆ ಕೆಂಡದ ಮುಂದ ಎದಿ ಮಾಂಸ ಕಟ್ಟಿಗಿ ಆಗತೈತಿ. ಎದಿ ಎಲುಬಿನ ತುದಿ ಒತ್ತಿ ನೋಡ್ರಿ. ಬಾಗಿದ್ರ ಎಳೇದು. ಗಟ್ಟಿ ಇದ್ರ ಬಲಿತದ್ದು, ಅದನ್ನ ಸಾರಿಗೆ ಹಾಕ್ರಿ. ಬಲಿತ ಹಕ್ಕಿಯ ನಾರು ಉಪ್ಪುನೀರಿಗೆ ಮೆತ್ತಗಾಗಂಗಿಲ್ಲ.

ಈಗ ಲೆಕ್ಕ. ಲೀಟರ್ ನೀರಿಗೆ 60 ಗ್ರಾಂ ಉಪ್ಪು, 25 ಗ್ರಾಂ ಬೆಲ್ಲ, ತಕ್ಕಡಿಯಾಗ ತೂಗಿ. ಕಲ್ಲುಪ್ಪಿನ ಮುಷ್ಟಿಗೂ ಪುಡಿ ಉಪ್ಪಿನ ಮುಷ್ಟಿಗೂ ತೂಕ ಒಂದ ಬರಂಗಿಲ್ಲ. ನಿಮ್ಮ ನಾಲ್ಕೂವರಿ ಕೆಜಿ ಹಕ್ಕಿಗೆ ಸುಮಾರು 6 ಲೀಟರ್ ಬೇಕಾಗತೈತಿ, ಅಂದ್ರ 360 ಗ್ರಾಂ ಉಪ್ಪು, 150 ಗ್ರಾಂ ಬೆಲ್ಲ. ಒಂದು ಲೀಟರ್‌ನಾಗ ಇವೆರಡನ್ನೂ ಕುದಿಸಿ ಕರಗಿಸ್ರಿ, ಉಳಿದ 5 ಲೀಟರ್ ತಣ್ಣೀರು ಕೂಡಿಸ್ರಿ, ಪೂರಾ ಆರಿದ ಮ್ಯಾಲೆ ಹಕ್ಕಿ ಮುಳುಗಿಸ್ರಿ. ಸ್ಟೀಲ್ ಡಬರಿ ಆಗಬೇಕು, ಅಲ್ಯೂಮಿನಿಯಂ ಬ್ಯಾಡ. ಲವಂಗ, ಯಾಲಕ್ಕಿ ಹಾಕೋರು ಅದಾರ, ನನ್ನ ಕೇಳಿದ್ರ ದುಡ್ಡು ದಂಡ. ಒಳಗ ಹೋಗೋದು ಉಪ್ಪು, ಮಸಾಲಿ ವಾಸನಿ ಮ್ಯಾಲೇ ಉಳೀತೈತಿ. ನಿಂಬಿಹುಳಿ, ಮೊಸರು ಮಾತ್ರ ಹಾಕಲೇಬ್ಯಾಡ್ರಿ, ಅಷ್ಟು ಹೊತ್ತು ಹುಳಿಯಾಗಿದ್ರ ಮ್ಯಾಲಿನ ಮಾಂಸ ಹಿಟ್ಟಾಗತೈತಿ.

12ರಿಂದ 16 ತಾಸು ಸಾಕು. ಉಪ್ಪು ಮಾಂಸದ ಎಳಿ ಸಡಿಲ ಮಾಡತೈತಿ, ಅದಕ್ಕ ಸುಡುವಾಗ ನೀರು ಹಿಂಡಿ ಹೊರಗ ಹೋಗೋದು ಕಡಿಮಿ. ಅದಕ್ಕೂ ಹೆಚ್ಚು ಬಿಟ್ರ ಮಾಂಸ ರಬ್ಬರಿನಂಗ ಆಗಿ ಬರೇ ಉಪ್ಪುಪ್ಪು. ಇಡೀ ಹೊತ್ತು ನೀರು 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಇಷ್ಟು ಉಪ್ಪಿಗೆ ಬ್ಯಾಕ್ಟೀರಿಯಾ ಸಾಯಂಗಿಲ್ಲ. ಫ್ರಿಜ್ಜಿನ್ಯಾಗ ಕೋಳಿ ಇಡಾಕ ಮನ್ಯಾಗ ಪರ್ಮಿಶನ್ ಸಿಗದವರು ಮೀನಿನವರ ಥರ್ಮಾಕೋಲ್ ಡಬ್ಬಿ ತಂದು ಅದರೊಳಗ ಡಬರಿ ಇಳಿಸಿ, ಸುತ್ತ ಬರ್ಫ ತುಂಬ್ರಿ. ನೀರಿನ್ಯಾಗ ಬರ್ಫ ಹಾಕಿದ್ರ ಉಪ್ಪು ತೆಳು ಆಗತೈತಿ, ಅದರ ಬದಲಿ ನೀರು ತುಂಬಿ ಗಡ್ಡಿ ಕಟ್ಟಿಸಿದ ಬಾಟ್ಲಿ ತೇಲಿ ಬಿಡ್ರಿ, ಮೂರು ತಾಸಿಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡ್ರಿ. ಊರಿಂದ ತರಿಸಿದ ಪ್ಯಾಕೆಟ್ ಟರ್ಕಿ ಇದ್ರ ಚೀಟಿ ಓದ್ರಿ. ಉಪ್ಪುನೀರು ಚುಚ್ಚಿದ್ದು ಅಂತ ಅದರಾಗ ಬರೆದಿದ್ರ ಈ ಉಪ್ಪುನೀರಾಗ ನೆನಸೋದು ಯಾವುದೂ ಬೇಕಾಗಿಲ್ಲ.

ತಗದ ಮ್ಯಾಲೆ ನಳದ ಕೆಳಗ ತೊಳೀಬ್ಯಾಡ್ರಿ, ಸಿಡಿದ ನೀರು ಅಡಗಿಮನಿ ತುಂಬಾ ಹರಡತೈತಿ. ಅರಿವಿಲೆ ಒರಸಿ, ಸಾಧ್ಯ ಆದ್ರ 8 ತಾಸು ಫ್ರಿಜ್ಜಿನ್ಯಾಗ ಮುಚ್ಚದಂಗ ಇಟ್ಟು ಒಣಗಿಸ್ರಿ. ಚರ್ಮ ಹಸಿ ಇದ್ರ ಗರಿಗರಿ ಆಗಂಗಿಲ್ಲ. ಬ್ಯಾಡಗಿ ಖಾರದಪುಡಿ, ಜಜ್ಜಿದ ಬಳ್ಳೊಳ್ಳಿ, ಕರಿಮೆಣಸು, ಎಣ್ಣಿ ಕಲಿಸಿ ಸವರ್ರಿ. ಇದ್ರಾಗ ಉಪ್ಪು ಹಾಕಬ್ಯಾಡ್ರಿ. ಭಾಳ ಮಂದಿಗೆ ಊಟ ಕೆಡೋದು ಇಲ್ಲೇ.

ಬೆಂಕಿಗೆ ಕಟ್ಟಿಗಿ ಇದ್ದಲಿ ಬೇಕು, ಕಲ್ಲಿದ್ದಲಿ ಅಲ್ಲ. ಬಳ್ಳಾರಿ ಜಾಲಿದು ಚಲೋ ಕಾಯತೈತಿ. ಕೆಂಡ ಎರಡೂ ಬದಿಗೆ ಸರಿಸಿ, ನಡುವ ನೀರಿನ ತಟ್ಟಿ ಇಟ್ಟು, ಅದರ ಮ್ಯಾಲೆ ಹಕ್ಕಿ ಎದಿ ಮ್ಯಾಲೆ ಮಾಡಿ ಇಡ್ರಿ. ನೇರ ಕೆಂಡದ ಮ್ಯಾಲೆ ಇಟ್ರ ಬೆಲ್ಲ, ಖಾರ ಸುಟ್ಟು ಕಪ್ಪಾಗಿ ಒಳಗ ಹಸಿ ಉಳೀತೈತಿ. ಮುಚ್ಚಳ ಇಲ್ಲದ ಒಲಿ ಇದ್ರ ದೊಡ್ಡ ಸ್ಟೀಲ್ ಬೋಗಾಣಿ ಬೋರಲು ಹಾಕಿ, ಹೊಗಿ ಹೋಗಾಕ ಒಂದು ಕಡೆ ಸಂದಿ ಬಿಡ್ರಿ. ಕಾವು 165-175 ಡಿಗ್ರಿ ಹಿಡೀರಿ, ಮುಕ್ಕಾಲು ತಾಸಿಗೊಮ್ಮೆ ಎರಡೂ ಬದಿಗೆ ಹತ್ತೋ ಹನ್ನೆರಡೋ ತುಂಡು ಇದ್ದಲಿ ಸೇರಿಸ್ರಿ. ಇಡೀ ಹಕ್ಕಿಗೆ ಎರಡೂವರಿಯಿಂದ ಮೂರು ತಾಸು. ಬೆನ್ನೆಲುಬು ಕತ್ತರಿಸಿ ಚಪ್ಪಟಿ ಮಾಡಿದ್ರ ಎರಡು ತಾಸಿನ ಒಳಗ.

ಗಡಿಯಾರ ನಂಬಬ್ಯಾಡ್ರಿ. ಎದಿಯ ದಪ್ಪ ಭಾಗದಾಗ 74 ಡಿಗ್ರಿ, ತೊಡಿಯಾಗ 80 ಬಂದ್ರ ಇಳಸ್ರಿ. ಸೂಜಿ ಎಲುಬಿಗೆ ತಾಗಿದ್ರ ಸುಳ್ಳ ಅಂಕಿ ತೋರಸತೈತಿ. ಇದ್ದಲಿ ಹೊಗಿಗೆ ಚರ್ಮದ ಕೆಳಗ ಗುಲಾಬಿ ಬಣ್ಣ ಉಳಿದ್ರ ಹಸಿ ಅಂತ ಹೆದರಬ್ಯಾಡ್ರಿ, ಡಿಗ್ರಿ ಸರಿ ಇದ್ರ ಬೆಂದೈತಿ. ಅರ್ಧ ತಾಸು ಬಿಟ್ಟು ಕೊಯ್ರಿ. ತಟ್ಟ್ಯಾಗ ಬಿದ್ದ ರಸ ಸಾರಿಗೆ ಹಾಕೋರಿದ್ರ ಮೊದಲ ನಾಲಿಗಿಗೆ ಹಚ್ಚಿ ನೋಡ್ರಿ, ಉಪ್ಪು ಜಾಸ್ತಿ ಇರತೈತಿ.