ಹಗಲು ವೈನ್, ರಾತ್ರಿ ಕ್ಯಾಸಿನೋ: ಈ ಪ್ರವಾಸಕ್ಕೆ ಹೂಂ ಅನ್ನಲೇ?

ಪ್ರಶ್ನೆ: ನನಗೆ 38 ವರ್ಷ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇವೆ. ನನ್ನ ಗಂಡ ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಇಬ್ಬರು ಮಕ್ಕಳು. ಸೆಪ್ಟೆಂಬರ್‌ನ ಲೇಬರ್ ಡೇ ರಜೆಗೆ ನಾವು ಮತ್ತು ಅವರ ಗೆಳೆಯರ ಎರಡು ಜೋಡಿ, ಒಟ್ಟು ಆರು ಜನ ಹೊರಡುವ ಯೋಜನೆ. ಶನಿವಾರ ಹಗಲೆಲ್ಲ ನಾಪಾದಲ್ಲಿ ವೈನ್ ಟೇಸ್ಟಿಂಗ್, ರಾತ್ರಿ ರೋನರ್ಟ್ ಪಾರ್ಕ್‌ನ ಗ್ರೇಟನ್ ಕ್ಯಾಸಿನೋ, ಮಲಗುವುದೂ ಅಲ್ಲೇ. ತಮ್ಮ ಮೆಂಬರ್ ಕಾರ್ಡಿಗೆ ರೂಮ್ ಫ್ರೀ ಬಂದಿದೆ ಎಂದು ನನ್ನ ಗಂಡ ಅನ್ನುತ್ತಾರೆ. ಹೋದ ವರ್ಷ ನೆವಾಡಾದ ರೀನೋಗೆ ಹೋದಾಗ, "600 ಡಾಲರ್ ಹೋಯ್ತು, ರಾತ್ರಿಯೆಲ್ಲ 15 ಡಾಲರ್ ಬ್ಲ್ಯಾಕ್‌ಜಾಕ್ ಟೇಬಲ್ ಬಿಟ್ಟು ಏಳಲಿಲ್ಲ" ಅಂದಿದ್ದರು. ಎರಡು ತಿಂಗಳಾದ ಮೇಲೆ ಕ್ರೆಡಿಟ್ ಕಾರ್ಡ್ ಬಿಲ್ ಕಣ್ಣಿಗೆ ಬಿತ್ತು: ಕ್ಯಾಸಿನೋ ಒಳಗೇ ಮೂರು ಸಲ ಕ್ಯಾಶ್ ಅಡ್ವಾನ್ಸ್ (ಕಾರ್ಡಿನ ಮೇಲೆ ಸಾಲವಾಗಿ ತೆಗೆದ ನಗದು), ಒಟ್ಟು 2,800 ಡಾಲರ್. ಕೇಳಿದರೆ ಮಾತು ತೇಲಿಸಿದರು. ಈಗ ನಮ್ಮತ್ತೆ ಊರಿಂದ ಬಂದಿದ್ದಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅವರಿಗೆ ಇದೊಂದೂ ಗೊತ್ತಿಲ್ಲ. ನಾನು ಬೇಡ ಅಂದರೆ ಎಲ್ಲರ ಖುಷಿಗೆ ಅಡ್ಡಗಾಲು ಹಾಕಿದವಳಾಗುತ್ತೇನೆ. ಹೂಂ ಅಂದರೆ ರಾತ್ರಿಯೆಲ್ಲ ಅವರ ಬೆನ್ನ ಹಿಂದೆ ಕಾವಲು ನಿಲ್ಲಬೇಕು. ಏನು ಮಾಡಲಿ?
ಹೆಸರು ಬೇಡ, ಸನಿವೇಲ್

ಉತ್ತರ: ಪ್ರವಾಸ ಬೇಕೋ ಬೇಡವೋ ಎಂಬುದನ್ನು ಒಂದು ವಾರ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ಅದಕ್ಕಿಂತ ಮುಖ್ಯವಾದ ಎರಡು ಸಂಗತಿಗಳಿವೆ.

ಮೊದಲನೆಯದು ಆ 15 ಡಾಲರ್ ಟೇಬಲ್, ಅಂದರೆ ಒಂದು ಆಟಕ್ಕೆ ಕನಿಷ್ಠ 15 ಡಾಲರ್ ಇಡಬೇಕಾದ ಟೇಬಲ್. ಬ್ಲ್ಯಾಕ್‌ಜಾಕ್‌ ಎಂಬ ಇಸ್ಪೀಟಿನಾಟದಲ್ಲಿ ಗಂಟೆಗೆ ಸುಮಾರು 70 ಆಟ ನಡೆಯುತ್ತದೆ. ಐದು ಗಂಟೆ ಕೂತರೆ 350 ಆಟ. ಪ್ರತಿ ಸಲವೂ 15 ಡಾಲರನ್ನೇ ಇಟ್ಟರೆ, ಅದೃಷ್ಟದ ಏರಿಳಿತ ರಾತ್ರಿಯ ಕೊನೆಗೆ ಹೆಚ್ಚಾಗಿ ಮುನ್ನೂರು-ಮುನ್ನೂರೈವತ್ತು ಡಾಲರ್ ಒಳಗೇ ಇರುತ್ತದೆ. ತೀರಾ ಕೆಟ್ಟ ರಾತ್ರಿ 600 ಹೋಗಬಹುದು, ಹಾಗಾಗಿಯೇ ಅವರ ಮಾತು ನಿಮಗೆ ನಂಬುವಂತೆ ಕೇಳಿಸಿತು. ಆದರೆ 2,800 ಎಂದರೆ 15ರ ಲೆಕ್ಕದಲ್ಲಿ 187 ಬೆಟ್. ಗೆದ್ದದ್ದೆಲ್ಲ ಕಳೆದು ನಿವ್ವಳ 187 ಬೆಟ್ ಒಂದೇ ರಾತ್ರಿ ಸೋಲುವುದು ನಡೆಯುವ ಮಾತಲ್ಲ. ಅಂದರೆ ಎಲ್ಲೋ ಒಂದು ಹೊತ್ತಿನಲ್ಲಿ ಬೆಟ್ 15ರಿಂದ 100ಕ್ಕೋ 200ಕ್ಕೋ ಏರಿದೆ. ಮೂರು ಕ್ಯಾಶ್ ಅಡ್ವಾನ್ಸ್‌ಗಳೂ ಅದನ್ನೇ ಹೇಳುತ್ತವೆ: ಸೋತರು, ಹಣ ತೆಗೆದರು, ಸೋತದ್ದನ್ನು ವಾಪಸ್ ಪಡೆಯಲು ದೊಡ್ಡದಾಗಿ ಇಟ್ಟರು, ಮತ್ತೆ ಸೋತರು.

ಎರಡನೆಯದು ಆ ಫ್ರೀ ರೂಮ್. ಕ್ಯಾಸಿನೋದಲ್ಲಿ ಮೆಂಬರ್ ಕಾರ್ಡ್ ಕೊಟ್ಟು ಆಡಿದಾಗ ಎಷ್ಟು ಹೊತ್ತು ಆಡಿದಿರಿ, ಸರಾಸರಿ ಎಷ್ಟು ಇಟ್ಟಿರಿ, ಆ ಆಟದಲ್ಲಿ ಕ್ಯಾಸಿನೋಗೆ ಉಳಿಯುವ ಪಾಲೆಷ್ಟು ಎಂದು ಗುಣಿಸಿ ನಿಮ್ಮಿಂದ ಬರಬಹುದಾದ ಲಾಭವನ್ನು ಅಂದಾಜು ಮಾಡುತ್ತಾರೆ. ಫ್ರೀ ರೂಮ್ ಆ ಅಂದಾಜಿನ ಒಂದು ಪಾಲು. ಹೊಸ ಸದಸ್ಯರನ್ನು ಸೆಳೆಯಲು ಕೊಡುವ ಕೊಡುಗೆಗಳೂ ಇವೆ, ಇದು ಅಂಥದ್ದೇ ಇರಬಹುದು. ಆದರೂ ಲೇಬರ್ ಡೇಯಂಥ ರಶ್ ಇರುವ ಶನಿವಾರ ರಾತ್ರಿಗೆ ಬಿಟ್ಟಿ ರೂಮ್ ಬಂದಿದೆ ಎಂದರೆ, ರೀನೋ ಆದಮೇಲೆ ಎಷ್ಟು ಸಲ ಎಲ್ಲಿಗೆ ಹೋಗಿದ್ದರು ಎಂದು ಕೇಳುವ ಹಕ್ಕು ನಿಮಗಿದೆ.

ಕೇಳುವುದು ಹೇಗೆ? ಅತ್ತೆಯವರ ಮುಂದೆ ಬೇಡ, ಗೆಳೆಯರ ಮುಂದಂತೂ ಬೇಡವೇ ಬೇಡ. ಮಕ್ಕಳು ಮಲಗಿದ ಮೇಲೆ ಇಬ್ಬರೇ ಲ್ಯಾಪ್‌ಟಾಪ್ ಮುಂದೆ ಕೂತುಕೊಳ್ಳಿ. "2,800 ಹೋಗಿದ್ದಕ್ಕಿಂತ 600 ಅಂದಿದ್ದು ನನಗೆ ನೋವಾಯ್ತು" ಎಂದು ಶುರು ಮಾಡಿ. ಆಮೇಲೆ ಕೇಳಬೇಕಾದ ದಾಖಲೆ ಎರಡು. ಒಂದು, ಹನ್ನೆರಡು ತಿಂಗಳ ಎಲ್ಲ ಕಾರ್ಡ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ಗಳಲ್ಲಿ ಕ್ಯಾಶ್ ಅಡ್ವಾನ್ಸ್ ಮತ್ತು ಎಟಿಎಂ ಸಾಲುಗಳು. ಇನ್ನೊಂದು, ಕ್ಯಾಸಿನೋದ ವಾರ್ಷಿಕ ವಿನ್-ಲಾಸ್ ಸ್ಟೇಟ್‌ಮೆಂಟ್. ತೆರಿಗೆ ಲೆಕ್ಕಕ್ಕೆಂದು ಸದಸ್ಯರು ಕೇಳಿದರೆ ಕೊಡುತ್ತಾರೆ, ಕೇಳಬೇಕಾದವರು ನಿಮ್ಮ ಗಂಡನೇ. ಕಾರ್ಡ್ ಕೊಡದೆ ಆಡಿದ್ದು ಅದರಲ್ಲಿ ಬರುವುದಿಲ್ಲ, ಆದ್ದರಿಂದ ಎರಡನ್ನೂ ಜೊತೆಗಿಟ್ಟು ನೋಡಬೇಕು.

ತೋರಿಸಲು ಒಪ್ಪದಿದ್ದರೆ, ಅಥವಾ ರೀನೋದಂಥ ರಾತ್ರಿಗಳು ಇನ್ನೂ ಕಂಡರೆ, ಈ ಪ್ರವಾಸ ಬೇಡ. ಸೋತದ್ದನ್ನು ಬೆನ್ನಟ್ಟಿ ಆಡುವುದು, ಮನೆಯವರಿಗೆ ಸುಳ್ಳು ಹೇಳುವುದು, ಇವೆರಡೂ ಜೂಜಿನ ಚಟವನ್ನು ಗುರುತಿಸಲು ಮನೋವೈದ್ಯರು ನೋಡುವ ಒಂಬತ್ತು ಲಕ್ಷಣಗಳಲ್ಲಿವೆ. ಒಂದು ವರ್ಷದೊಳಗೆ ನಾಲ್ಕು ಕಂಡರೆ ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ. ಎರಡೇ ಇದ್ದರೆ ಕಾಯಿಲೆ ಎನ್ನಲಾಗದು, ಹಗುರವಾಗಿ ಬಿಡುವಂಥದ್ದೂ ಅಲ್ಲ. 1-800-426-2537 ಜೂಜಿನ ಸಹಾಯವಾಣಿ. ಕ್ಯಾಲಿಫೋರ್ನಿಯಾ ಸರ್ಕಾರದ ನೆರವಿನ ಆಪ್ತಸಮಾಲೋಚನೆ ಆಡುವವರಿಗಷ್ಟೇ ಅಲ್ಲ, ಅವರ ಮನೆಯವರಿಗೂ ಇದೆ. ನೀವೊಬ್ಬರೇ ಕರೆ ಮಾಡಬಹುದು.

ದಾಖಲೆ ತೆರೆದಿಟ್ಟರು, ರೀನೋ ಬಿಟ್ಟು ಬೇರೇನೂ ಕಾಣಲಿಲ್ಲ, ತಪ್ಪಾಯಿತು ಅಂದರು ಎಂದಿಟ್ಟುಕೊಳ್ಳೋಣ. ಆಗ ಹೋಗಬಹುದು, ಆದರೆ ಈಗಿನ ಯೋಜನೆಯಂತೆ ಅಲ್ಲ.

ಹಗಲು ವೈನ್, ರಾತ್ರಿ ಜೂಜು ಎಂಬ ಈ ಕ್ರಮವೇ ಸರಿಯಿಲ್ಲ. ಲೆಕ್ಕ ನೋಡಿ. ಒಂದು ವೈನರಿಯಲ್ಲಿ ಸಾಮಾನ್ಯವಾಗಿ ಐದು ಬಗೆ ಸುರಿಯುತ್ತಾರೆ, ಒಂದೊಂದು ಸುಮಾರು 45 ಮಿ.ಲೀ. ಒಟ್ಟು 225 ಮಿ.ಲೀ. ಅಲ್ಲಿನ ಕೆಂಪು ವೈನ್‌ಗಳಲ್ಲಿ ಆಲ್ಕೋಹಾಲ್ ಹೆಚ್ಚಾಗಿ ಶೇ 14.5ರ ಆಸುಪಾಸು. ಅಂದರೆ ಸುಮಾರು 26 ಗ್ರಾಂ ಆಲ್ಕೋಹಾಲ್. 14 ಗ್ರಾಂಗೆ ಒಂದು ಡ್ರಿಂಕ್ ಎನ್ನುವ ಅಮೆರಿಕದ ಅಳತೆಯಲ್ಲಿ ಹತ್ತಿರಹತ್ತಿರ ಎರಡು. ಮೂರು ವೈನರಿ ಮುಗಿಸಿದರೆ ಐದೂವರೆ. ದೇಹ ಅರಗಿಸಿಕೊಳ್ಳುವುದು ಗಂಟೆಗೆ ಸುಮಾರು ಒಂದು. ಟೇಸ್ಟಿಂಗ್ ರೂಮ್‌ಗಳು ಸಂಜೆ ಐದರ ಹೊತ್ತಿಗೆ ಮುಚ್ಚುತ್ತವೆ. ಊಟದ ಜೊತೆ ಇನ್ನೊಂದೆರಡು ಗ್ಲಾಸ್ ಸೇರಿದರೆ, ಏಳೂವರೆಗೆ ಟೇಬಲ್ ಮುಂದೆ ಕೂತಾಗಲೂ ಅಮಲಿನ ಪಾಲು ಒಳಗೇ ಇರುತ್ತದೆ. "300 ಆದರೆ ಏಳುತ್ತೇನೆ" ಎಂದು ಬೆಳಿಗ್ಗೆ ಮಾಡಿದ ನಿರ್ಧಾರ ಮೊದಲು ಸಡಿಲವಾಗುವುದು ಆಗಲೇ. ದಣಿವು ಬೇರೆ.

ಆದ್ದರಿಂದ ಕ್ರಮ ತಿರುಗಿಸಿ. ಶುಕ್ರವಾರ ಸಂಜೆ ಕ್ಯಾಸಿನೋ, ಯಾರೂ ಕುಡಿಯದೆ. ಶನಿವಾರ ವೈನ್. ನಾಪಾ ಬಿಟ್ಟುಬಿಡಿ. ಗ್ರೇಟನ್ ಇರುವುದು ಸೊನೋಮ ಕೌಂಟಿಯಲ್ಲಿ, 101 ಹೆದ್ದಾರಿಯ ಪಕ್ಕ. ನಾಪಾದಿಂದ ಅಲ್ಲಿಗೆ ಅಡ್ಡ ರಸ್ತೆಗಳಲ್ಲಿ ಒಂದು ಗಂಟೆ ಬೇಕು. ಅದೇ 101ರಲ್ಲಿ ಉತ್ತರಕ್ಕೆ ಅರ್ಧ ಗಂಟೆ ಹೋದರೆ ಹೀಲ್ಡ್ಸ್‌ಬರ್ಗ್. ಒಂದು ಕಡೆ ಜಿನ್‌ಫ್ಯಾಂಡೆಲ್‌ ಎಂಬ ಕೆಂಪು ವೈನ್‌ಗೆ ಹೆಸರಾದ ಡ್ರೈ ಕ್ರೀಕ್, ಇನ್ನೊಂದು ಕಡೆ ಪಿನೋ ನ್ವಾರ್‌ನ ರಷ್ಯನ್ ರಿವರ್ ಕಣಿವೆ. ರೂಮ್ ಅಲ್ಲಿ ಮಾಡಿ, ದುಡ್ಡು ಕೊಟ್ಟು ಮಾಡಿ. ಕ್ಯಾಸಿನೋ ಹೋಟೆಲ್‌ನಲ್ಲಿ ಮಲಗಿದರೆ ರಾತ್ರಿ ಒಂದು ಗಂಟೆಗೆ ಲಿಫ್ಟ್ ಇಳಿದರೆ ಸಾಕು, ಮತ್ತೆ ಟೇಬಲ್ ಮುಂದೆ. ಆದರೆ ಹೀಲ್ಡ್ಸ್‌ಬರ್ಗ್‌ನ ಉತ್ತರಕ್ಕೆ, ಗೈಸರ್‌ವಿಲ್‌ನಲ್ಲಿ ರಿವರ್ ರಾಕ್ ಎಂಬ ಇನ್ನೊಂದು ಕ್ಯಾಸಿನೋ ಹತ್ತಿರದಲ್ಲೇ ಇದೆ. ಅಲ್ಲಿಗೂ ಹೋಗುವುದಿಲ್ಲ ಎಂದು ನಿಮ್ಮಿಬ್ಬರ ಒಪ್ಪಂದದಲ್ಲಿ ಹೆಸರು ಹಿಡಿದು ಸೇರಿಸಿ.

ಶುಕ್ರವಾರದ ಎರಡು ಗಂಟೆ ಹೀಗಿರಲಿ. ಒಳಗೆ ಹೋಗುವಾಗ ನಿಮ್ಮ ಗಂಡನ ಹತ್ತಿರ 300 ಡಾಲರ್ ನೋಟು ಮತ್ತು ಗುರುತಿನ ಚೀಟಿ ಮಾತ್ರ. ಕಾರ್ಡ್‌ಗಳೆಲ್ಲ, ಫೋನಿನ ವಾಲೆಟ್‌ನಲ್ಲಿರುವವೂ ಸೇರಿ, ಹೀಲ್ಡ್ಸ್‌ಬರ್ಗ್‌ನ ರೂಮಿನಲ್ಲಿ ಉಳಿಯಲಿ. ಹಾಗಾಗಿ ಮೊದಲು ಅಲ್ಲಿ ಚೆಕ್ ಇನ್ ಮಾಡಿ, ಊಟ ಮಾಡಿ, ಆಮೇಲೆ ಬನ್ನಿ. ಹೊರಡುವ ಮುಂಚೆಯೇ ಕಾರ್ಡ್ ಕಂಪನಿಗೆ ಫೋನ್ ಮಾಡಿ ಕ್ಯಾಶ್ ಅಡ್ವಾನ್ಸ್ ಮಿತಿ ಇಳಿಸಲು ಕೇಳಿ. ಆ ಹಣಕ್ಕೆ ಶುಲ್ಕ ಪ್ರತ್ಯೇಕ, ಬಡ್ಡಿಯೂ ತೆಗೆದ ದಿನದಿಂದಲೇ ಓಡುತ್ತದೆ. ರೀನೋದ ನಿಜವಾದ ನಷ್ಟ 2,800ಕ್ಕಿಂತ ಹೆಚ್ಚೇ. 15 ಡಾಲರ್ ಟೇಬಲ್‌ನಲ್ಲಿ 300 ಎಂದರೆ 20 ಬೆಟ್, ಎರಡು ಗಂಟೆಗೆ ಹೆಚ್ಚಾಗಿ ಸಾಕಾಗುತ್ತದೆ. ಮುಗಿದರೆ ಮುಗಿಯಿತು, ಗೆಳೆಯರಿಂದ ಸಾಲವಿಲ್ಲ. ಒಂಬತ್ತಕ್ಕೆ ಎಲ್ಲರೂ ಏಳುವುದು, ಗೆಲ್ಲುತ್ತಿದ್ದರೂ ಸರಿ.

ಟೇಬಲ್ ಮೇಲಿನ ಬರಹವನ್ನು ಕೂರುವ ಮುಂಚೆ ಓದಲಿ. ಬ್ಲ್ಯಾಕ್‌ಜಾಕ್ ಬಂದರೆ (ಮೊದಲ ಎರಡೇ ಎಲೆಗೆ 21 ಆದರೆ) 3ಕ್ಕೆ 2 ಎಂದಿದ್ದರೆ 15 ಡಾಲರ್‌ಗೆ 22.50 ಸಿಗುತ್ತದೆ. 6ಕ್ಕೆ 5 ಎಂದಿದ್ದರೆ 18 ಮಾತ್ರ. ಸುಮಾರು 21 ಆಟಕ್ಕೆ ಒಮ್ಮೆ ಬ್ಲ್ಯಾಕ್‌ಜಾಕ್ ಬರುವುದರಿಂದ ಆ 4.50ರ ವ್ಯತ್ಯಾಸ ಗಂಟೆಗೆ 15 ಡಾಲರ್ ಆಗುತ್ತದೆ, ಸುಮ್ಮನೆ. ನೀವೂ ಗೆಳೆಯರ ಹೆಂಡತಿಯರೂ ಗುಂಡಿ ಒತ್ತಿ ಆಡುವ ಸ್ಲಾಟ್ ಮಷೀನ್ ಕಡೆ ಹೋದರೆ, ಪೆನ್ನಿ ಮಷೀನ್ ಎಂಬ ಹೆಸರು ನೋಡಿ ಒಂದು ಸೆಂಟ್ ಅಂದುಕೊಳ್ಳಬೇಡಿ. ಒಂದು ಸಲ ಒತ್ತಿದರೆ ಕನಿಷ್ಠ 50 ಸೆಂಟ್ ಆಗುವಂಥವೇ ಹೆಚ್ಚು, ಗಂಟೆಗೆ 500 ಸಲ ಒತ್ತುವುದು ಕಷ್ಟವೇನಲ್ಲ.

ಕಾವಲು ನಿಲ್ಲುವ ಕೆಲಸವನ್ನು ನೀವು ಒಪ್ಪಿಕೊಳ್ಳಲೇಬೇಡಿ. ಹಣ 300ಕ್ಕೆ ನಿಂತಿದ್ದರೆ ಕಾಯುವ ಅಗತ್ಯವೇ ಇರುವುದಿಲ್ಲ.

ಶನಿವಾರಕ್ಕೆ ಎರಡೇ ವೈನರಿ, ಬೆಳಿಗ್ಗೆ ಹನ್ನೊಂದಕ್ಕೊಂದು, ಮಧ್ಯಾಹ್ನ ಎರಡಕ್ಕೊಂದು. ಆ ವಾರ ದ್ರಾಕ್ಷಿ ಕೊಯ್ಲಿನ ಕಾಲ, ಜನ ಜಾಸ್ತಿ. ಆರು ಜನರಿಗೆ ಮೂರು-ನಾಲ್ಕು ವಾರ ಮುಂಚೆ ಬುಕ್ ಮಾಡಿ. ಇಬ್ಬರು ಸೇರಿ ಒಂದು ಟೇಸ್ಟಿಂಗ್ ಹಂಚಿಕೊಳ್ಳಬಹುದೇ ಎಂದು ಬುಕ್ ಮಾಡುವಾಗಲೇ ಕೇಳಿ. ಹಲವು ಕಡೆ ಒಪ್ಪುತ್ತಾರೆ, ಖರ್ಚೂ ಅಮಲೂ ಅರ್ಧವಾಗುತ್ತದೆ. ಟೇಬಲ್ ಮೇಲಿನ ಬಕೆಟ್ ಉಗುಳಲು, ಉಳಿದದ್ದು ಚೆಲ್ಲಲು ಇಟ್ಟದ್ದು. ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಗುಂಪಿನಲ್ಲಿ ಕಟ್ಟಾ ಸಸ್ಯಾಹಾರಿಗಳಿದ್ದರೆ ಇನ್ನೊಂದು ಮಾತು: ಕೆಲವು ವೈನ್‌ಗಳನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನೋ ಮೀನಿನಿಂದ ತೆಗೆದ ಅಂಟನ್ನೋ ಬಳಸುತ್ತಾರೆ. ವೀಗನ್ ವೈನ್ ಯಾವುದು ಎಂದು ಕೇಳಿದರೆ ಹೇಳುತ್ತಾರೆ. ಕೊಂಡ ಬಾಟಲಿಗಳನ್ನು ಸೆಪ್ಟೆಂಬರ್ ಬಿಸಿಲಿನಲ್ಲಿ ಡಿಕ್ಕಿಯಲ್ಲಿ ಬೇಯಿಸಬೇಡಿ, ಐಸ್ ಬಾಕ್ಸ್ ಇರಲಿ.

ಶನಿವಾರ ಗುಂಪಿನ ಯಾರೂ ಸ್ಟೀರಿಂಗ್ ಮುಟ್ಟಬಾರದು. ಗಂಟೆ ಲೆಕ್ಕದಲ್ಲಿ ಚಾಲಕರ ಸಮೇತ ವ್ಯಾನ್ ಸಿಗುತ್ತದೆ, ಆರು ಜನ ಹಂಚಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ರಕ್ತದ ಆಲ್ಕೋಹಾಲ್ ಮಿತಿ ಶೇ 0.08. ನಿಮ್ಮವರಿಗೆ ದಂಡಕ್ಕಿಂತ ದೊಡ್ಡ ಅಪಾಯ ವೀಸಾದ್ದು. ಕುಡಿದು ಓಡಿಸಿದ ಆರೋಪದಲ್ಲಿ ಬಂಧನವಾದರೆ ಸಾಕು, ಶಿಕ್ಷೆ ಆಗುವ ಮುಂಚೆಯೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಆಮೇಲೆ ಊರಿಗೆ ಬಂದರೆ ಹೊಸ ವೀಸಾ ಸಿಗುವವರೆಗೆ ವಾಪಸಾಗುವಂತಿಲ್ಲ, ಅದಕ್ಕೆ ವೈದ್ಯಕೀಯ ತಪಾಸಣೆಯೂ ಸೇರಿಕೊಳ್ಳುತ್ತದೆ.

ಅತ್ತೆಯವರಿಗೆ ನೀವು ಹೇಳಬೇಕಿಲ್ಲ, ಸುಳ್ಳು ಹೇಳುವುದೂ ಬೇಡ. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರೆ ಮಗನೇ ಉತ್ತರ ಕೊಡಲಿ.

ಇನ್ನು ಅಡ್ಡಗಾಲಿನ ಮಾತು. ಬದಲಾದ ಯೋಜನೆಯನ್ನು ಗೆಳೆಯರಿಗೆ ತಿಳಿಸಬೇಕಾದವರು ನೀವಲ್ಲ. "ಫ್ರೀ ರೂಮ್ ಬೇಡ ಅಂದೆ, ಶುಕ್ರವಾರವೇ ಹೊರಟು ಹೀಲ್ಡ್ಸ್‌ಬರ್ಗ್‌ನಲ್ಲಿ ಉಳಿಯೋಣ" ಎಂಬ ಸಾಲು ಅವರ ಫೋನಿನಿಂದ, ಅವರ ಹೆಸರಲ್ಲಿ ವಾಟ್ಸ್ಯಾಪ್ ಗುಂಪಿಗೆ ಹೋಗಲಿ. ಅದು ಹೋದ ಮೇಲೆ ನೀವು ಟೇಸ್ಟಿಂಗ್ ಬುಕ್ ಮಾಡಿ.