ಮೇಷ್ಟ್ರೇ, ಆ ಬ್ಯಾಂಜೋ ನಮ್ಮ ಬ್ಯಾಂಜೋ ಅಲ್ಲ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ, ಉತ್ತರ ಬರೆಯಲು ರಾತ್ರಿಯಾಯಿತು. ನಿಮ್ಮ ಮಗಳು ಮುಂದಿನ ಶುಕ್ರವಾರ ಅಮೆರಿಕದ ಕೇಂಬ್ರಿಜ್‌ನ ಪ್ಯಾಸಿಮ್ ಅನ್ನುವ ಸಂಗೀತ ಕ್ಲಬ್‌ನಲ್ಲಿ ಜಾನಪದ ಮತ್ತು ಬ್ಯಾಂಜೋ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದಿದ್ದಾರೆ. ಸಾಗರದ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಬ್ಯಾಂಜೋ ನುಡಿಸಿದ ನಿಮಗೆ ಇದೂ ಅದೇನಾ, ಹೋಗಿ ಏನು ಕೇಳಬೇಕು, ಊರಿಗೆ ಒಂದು ತರಬಹುದಾ ಅನ್ನುವ ಪ್ರಶ್ನೆ. ನಾನು ಬಾಸ್ಟನ್ ಪಕ್ಕದಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ಆರು ವರ್ಷದಿಂದ ಬ್ಯಾಂಜೋ ಕಲಿಯುತ್ತಿದ್ದೇನೆ, ಇನ್ನೂ ಸುಮಾರಾಗಿಯೇ ನುಡಿಸುತ್ತೇನೆ. ಆ ಲೆಕ್ಕದಲ್ಲೇ ಓದಿಕೊಳ್ಳಿ.

ಮೊದಲನೆಯದು, ಇದು ಬೇರೆ ವಾದ್ಯ. ನಾವು ಬ್ಯಾಂಜೋ ಅನ್ನುವುದು ಬುಲ್‌ಬುಲ್ ತರಂಗ್, ಟೈಪ್‌ರೈಟರ್ ತರಹ ಗುಂಡಿ ಒತ್ತುವಂಥದ್ದು. ಅದರ ಮೂಲ ಜಪಾನಿನ ತೈಶೋಗೊಟೊ. 1912ರಲ್ಲಿ ನಗೋಯಾದ ಮೊರಿತಾ ಗೊರೊ ಅನ್ನುವವರು ಮಾಡಿದ್ದು. ನಮ್ಮಲ್ಲಿಗೆ ಬಂದ ಮೇಲೆ ಅದಕ್ಕೆ ಬ್ಯಾಂಜೋ ಅನ್ನುವ ಹೆಸರು ಅಂಟಿಕೊಂಡಿತು. ನೀವು ಶುಕ್ರವಾರ ನೋಡುವುದು ತಮಟೆಗೆ ಉದ್ದನೆಯ ಕತ್ತು ಸಿಕ್ಕಿಸಿ ಐದು ತಂತಿ ಬಿಗಿದ ಹಾಗೆ ಇರುತ್ತದೆ. ಗುಂಡಿ ಇಲ್ಲ. ಎಲ್ಲಮ್ಮನ ಹಾಡು ಹೇಳುವವರ ಚೌಡಿಕೆ ನೋಡಿದ್ದೀರಲ್ಲ, ತಂತಿ ಮೀಟಿದರೆ ಚರ್ಮ ಮಾತಾಡುತ್ತದೆ, ಇದೂ ಹಾಗೆಯೇ. ಅದಕ್ಕೇ ನಾದ ಥಟ್ಟನೆ ಹುಟ್ಟಿ ಬೇಗ ಸಾಯುತ್ತದೆ. ವೀಣೆಯಂತೆ ಎಳೆದು ನಿಲ್ಲಿಸಲು ಆಗುವುದಿಲ್ಲ, ಹಾಗಾಗಿ ಒಂದು ಸ್ವರ ಆರುವ ಮೊದಲೇ ಇನ್ನೊಂದನ್ನು ಸುರಿಯುತ್ತಾ ಇರಬೇಕು.

ಇಡೀ ಸಂಜೆಯಲ್ಲಿ ಒಂದೇ ಒಂದು ವಿಷಯ ಗಮನಿಸುವುದಾದರೆ ಐದನೇ ತಂತಿಯನ್ನು ಗಮನಿಸಿ. ಅದು ಉಳಿದವುಗಳಿಗಿಂತ ಗಿಡ್ಡ. ಅದರ ಬಿರಡೆ ತಲೆಯ ಹತ್ತಿರ ಇರುವುದಿಲ್ಲ, ಕತ್ತಿನ ಪಕ್ಕಕ್ಕೆ, ಐದನೇ ಫ್ರೆಟ್ (ಬೆರಳಿಟ್ಟು ಒತ್ತುವ ಅಡ್ಡ ಪಟ್ಟಿ, ವೀಣೆಯ ಮೆಟ್ಟಿನಂಥದ್ದು) ಹತ್ತಿರ ಚಾಚಿಕೊಂಡಿರುತ್ತದೆ. ಹೆಬ್ಬೆರಳಿಗೆ ಹತ್ತಿರದ ತಂತಿ ಅಂದರೆ ಮಂದ್ರ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಉಲ್ಟಾ, ಅದೇ ಎಲ್ಲಕ್ಕಿಂತ ಮೇಲಿನ ಸ್ವರ. ಸಾಮಾನ್ಯ ಶ್ರುತಿ ನಮ್ಮ ಲೆಕ್ಕದಲ್ಲಿ ಹೀಗೆ: ನಾಲ್ಕನೇ ತಂತಿ ಕೆಳಗಿನ ಪ, ಮೂರನೆಯದು ಸ, ಎರಡನೆಯದು ಅಂತರ ಗಾಂಧಾರ, ಒಂದನೆಯದು ಪ, ಐದನೆಯದು ಮೇಲಿನ ಸ. ಈ ಮೇಲಿನ ಸ ಹಾಡಿನುದ್ದಕ್ಕೂ ಮಧ್ಯೆ ಮಧ್ಯೆ ಟಿಣ್ ಅನ್ನುತ್ತಲೇ ಇರುತ್ತದೆ. ತಂಬೂರಿಯನ್ನು ವಾದ್ಯದ ಒಳಗೇ ಇಟ್ಟುಕೊಂಡ ಹಾಗೆ. ನಾನು ಮೊದಲ ಸಲ ಇದನ್ನು ಗುರುತಿಸಿದ ದಿನ ಅಮೆರಿಕದ ಜಾನಪದ ಪರದೇಶದ್ದು ಅನ್ನಿಸಲಿಲ್ಲ.

ಕೆಲವು ಹಾಡಿಗೆ ಎರಡನೇ ತಂತಿಯನ್ನು ಗಾಂಧಾರದಿಂದ ಶುದ್ಧ ಮಧ್ಯಮಕ್ಕೆ ಏರಿಸುತ್ತಾರೆ. ಇದಕ್ಕೆ ಸಾಮಿಲ್ ಶ್ರುತಿ ಅಂತ ಹೆಸರು. ಆಗ ತಂತಿಗಳಲ್ಲಿ ಗಾಂಧಾರವೇ ಇಲ್ಲ, ಇಡೀ ಹಾಡಿಗೆ ಒಂದು ಒಣ, ಬೆಟ್ಟದ ದುಃಖ ಬರುತ್ತದೆ. ನಿಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಹಳೆಯ ಹಾಡುಗಳಲ್ಲಿ ಐದೇ ಸ್ವರದವು ಬಹಳ, ಮೋಹನದ ಸ್ವರಗಳೇ. ಹರಿಕಾಂಭೋಜಿ ಮೇಳದ ಸ್ವರಗಳೂ ಸಿಗುತ್ತವೆ. ಗಮಕ ಹುಡುಕಬೇಡಿ, ನಿರಾಸೆ ಆಗುತ್ತದೆ.

ಇನ್ನು ಬಲಗೈ. ಎರಡು ದೊಡ್ಡ ಪದ್ಧತಿ. ಹಳೆಯದು ಕ್ಲಾಹ್ಯಾಮರ್: ಬೆರಳಿನ ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಹೊಡೆಯುತ್ತಾರೆ, ಹಿಂದೆಯೇ ಹೆಬ್ಬೆರಳು ಐದನೇ ತಂತಿ ಮೀಟುತ್ತದೆ. ತಾಂ–ತಕ, ತಾಂ–ತಕ ಅಂತ ಓಡುತ್ತದೆ. ಇನ್ನೊಂದು ಮೂರು ಬೆರಳಿನದು. ಹೆಬ್ಬೆರಳಿಗೆ ಪ್ಲಾಸ್ಟಿಕ್, ಇನ್ನೆರಡಕ್ಕೆ ಲೋಹದ ಉಗುರು. ಇದನ್ನು ಮನೆಮಾತು ಮಾಡಿದವರು ನಾರ್ತ್ ಕೆರೊಲಿನಾದ ಅರ್ಲ್ ಸ್ಕ್ರಗ್ಸ್. 1945ರ ಕೊನೆಯಲ್ಲಿ ಅವರು ಬಿಲ್ ಮನ್ರೋ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡ ಸೇರಿದರು. ಬ್ಲೂಗ್ರಾಸ್ ಅನ್ನುವ ಸಂಗೀತ ಶೈಲಿಯ ಹೆಸರೇ ಆ ತಂಡದಿಂದ ಬಂದದ್ದು. ಅದರ ಒಂದು ಮುಖ್ಯ ವರಸೆ ಎಂಟು ಮಾತ್ರೆಯದು: ತಕಿಟ ತಕಿಟ ತಕ. ತೊಡೆ ಮೇಲೆ ತಾಳ ಹಾಕಿ ನೋಡಿ, ಕೂತಲ್ಲೇ ಲೆಕ್ಕ ಸಿಗುತ್ತದೆ.

ಬ್ಯಾಂಜೋ ಬಿಳಿ ರೈತರ ವಾದ್ಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನರ ನೆನಪಿನ ವಾದ್ಯ ಅದು. ಅವರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಳ್ಳುತ್ತಿದ್ದರು. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕಾಂಟಿಂಗ್ ಅನ್ನುವ ವಾದ್ಯದಲ್ಲಿ ಇವತ್ತಿಗೂ ಅದೇ ಗಿಡ್ಡ ತಂತಿ, ಅದೇ ಕೆಳಕ್ಕೆ ಹೊಡೆಯುವ ಉಗುರು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಈ ಕಪ್ಪು ಜನರನ್ನೇ ಅಣಕಿಸುವ ಆಟಗಳಲ್ಲಿ ಅದನ್ನು ನುಡಿಸಿ ದುಡ್ಡು ಮಾಡಿದ್ದು ಆಮೇಲೆ. ಹೋಗುವ ಮೊದಲು ಕಪ್ಪು ಅಮೆರಿಕನ್ ಬ್ಯಾಂಜೋ ಕಲಾವಿದೆ ರಿಯಾನನ್ ಗಿಡೆನ್ಸ್ ನುಡಿಸಿದ್ದನ್ನು ಅರ್ಧ ಗಂಟೆ ಕೇಳಿ. ಸಮಯ ಉಳಿದರೆ ಬ್ಯಾಂಜೋ ವಾದಕ ಬೇಲಾ ಫ್ಲೆಕ್ ಜಾಕಿರ್ ಹುಸೇನರ ಜೊತೆ ನುಡಿಸಿದ್ದನ್ನೂ ಕೇಳಿ.

ಜಾಗದ ಬಗ್ಗೆ. ರೆಡ್ ಲೈನ್ ರೈಲಿನಲ್ಲಿ ಹಾರ್ವರ್ಡ್ ಸ್ಟೇಷನ್‌ಗೆ ಇಳಿಯಿರಿ, ಪಾಮರ್ ಸ್ಟ್ರೀಟ್ ನಾಲ್ಕು ಹೆಜ್ಜೆ. ಮೆಟ್ಟಿಲು ಇಳಿದು ನೆಲಮಾಳಿಗೆಗೆ ಹೋಗಬೇಕು. ಮಂಡಿ ನೋವಿದ್ದರೆ ಮಗಳ ಕೈ ಹಿಡಿದುಕೊಳ್ಳಿ. 1958ರಲ್ಲಿ ಕ್ಲಬ್ 47 ಅಂತ ಬೇರೆ ಬೀದಿಯಲ್ಲಿ ಶುರುವಾದದ್ದು ಇದೇ. ಆಮೇಲೆ ಹೆಸರಾಂತ ಜಾನಪದ ಗಾಯಕಿಯಾದ ಜೋನ್ ಬಯೆಜ್ ಹದಿಹರೆಯದಲ್ಲಿ ಆಗ ಅಲ್ಲಿ ಹಾಡುತ್ತಿದ್ದರು. ಮದುವೆ ಛತ್ರದ ಊಟದ ಹಾಲ್‌ಗಿಂತ ಚಿಕ್ಕದು. ಪುಟ್ಟ ಟೇಬಲ್, ಪಕ್ಕದಲ್ಲಿ ಗುರುತಿಲ್ಲದವರು. ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಬಲಗೈ ಕಾಣುವ ಕಡೆ ಕುರ್ಚಿ ಸಿಗಬಹುದು. ವೇದಿಕೆಯ ಎದುರು ನಡುವೆ ಕೂರುವುದಕ್ಕಿಂತ ಸ್ವಲ್ಪ ಪಕ್ಕಕ್ಕೆ ಕೂತರೆ ಬೆರಳು ಚೆನ್ನಾಗಿ ಕಾಣುತ್ತದೆ.

ಹಾಡು ನಡೆಯುವಾಗ ಪಿಸುಮಾತೂ ಬೇಡ. ನಮ್ಮ ಹಾಗೆ ನಡುವೆ ಭಲೇ ಅನ್ನುವ ರೂಢಿ ಅಲ್ಲಿಲ್ಲ, ಹಾಡು ಮುಗಿದ ಮೇಲೆ ಚಪ್ಪಾಳೆ. ನಾನು ಮೊದಲ ಸಲ ಹೋದಾಗ ಟೇಬಲ್ ಮೇಲೆ ತಾಳ ಕುಟ್ಟಿದ್ದೆ, ಪಕ್ಕದ ಅಜ್ಜಿ ನನ್ನ ಕೈ ಮೇಲೆ ಮೆತ್ತಗೆ ಕೈ ಇಟ್ಟರು! ಆದರೆ ಪಲ್ಲವಿ ಹಾಡಿ ಅಂತ ಕರೆದರೆ ಎಲ್ಲರೂ ಬಾಯಿಬಿಟ್ಟು ಹಾಡುತ್ತಾರೆ, ನೀವೂ ಹಾಡಿ. ಹಾಡುಗಳ ನಡುವೆ ಶ್ರುತಿ ಮಾಡುತ್ತಾ ಕಥೆ ಹೇಳುತ್ತಾರೆ. ಅದು ಸುಮ್ನೆ ಹೊತ್ತು ಕಳೆಯುವುದಲ್ಲ, ಶ್ರುತಿ ಬದಲಾಯಿಸುವುದು ನಿಜಕ್ಕೂ ತಡವಾಗುತ್ತದೆ. ಮುಗಿದ ಮೇಲೆ ಕಲಾವಿದರು ಸಾಮಾನ್ಯವಾಗಿ ಸಿ.ಡಿ. ಮಾರುವ ಟೇಬಲ್ ಹತ್ತಿರ ನಿಂತಿರುತ್ತಾರೆ. ಸಂಕೋಚ ಬೇಡ. ನಿಮ್ಮ ಫೋನಿನಲ್ಲಿ ಭಜನೆಯ ವಿಡಿಯೋ ಇದ್ದರೆ ತೋರಿಸಿ. ಗುಂಡಿ ಬ್ಯಾಂಜೋ ನೋಡಿ ಅವರೇ ನಿಮ್ಮನ್ನು ಬಿಡುವುದಿಲ್ಲ.

ಕೊಳ್ಳುವ ವಿಷಯ. ಸಾಗರಕ್ಕೆ ಒಯ್ಯುವುದಾದರೆ ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ತಗೊಳ್ಳಿ. ಹಿಂದೆ ಮರದ ಬಟ್ಟಲು ಇರುವುದು ರೆಸೊನೇಟರ್, ಜೋರು ಸದ್ದು, ಭಾರವೂ ಜಾಸ್ತಿ. ಮನೆಯಲ್ಲಿ ಕೂತು ನುಡಿಸಲು ಅದು ಬೇಡ. ಡೀರಿಂಗ್ ಕಂಪನಿಯ ಗುಡ್‌ಟೈಮ್ ಮಾದರಿ ಹಗುರ, ಕಲಿಯುವವರಿಗೆ ಗಟ್ಟಿ ವಾದ್ಯ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಕತ್ತು ಬಾಗಿಲ್ಲ ಅಂತ ನೋಡಿಕೊಳ್ಳಿ. ತಂತಿ ಐದೇ ಇರಲಿ. ನಾಲ್ಕು ತಂತಿಯದು ಬೇರೆ ಜಾತಿ, ಐರಿಶ್ ಸಂಗೀತದವರು ಕಡ್ಡಿಯಿಂದ ಮೀಟುವುದು. ನಿಜವಾದ ಕರುವಿನ ಚರ್ಮದ್ದು ಸಿಕ್ಕಿತು ಅಂತ ಆಸೆಪಡಬೇಡಿ. ಅದರ ನಾದ ಚೆಂದ, ಆದರೆ ಜುಲೈನಲ್ಲಿ ನಿಮ್ಮೂರಿನ ಮಳೆಗೆ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯೇ ಸರಿ.

ತಂತಿ ಇಲ್ಲಿಂದಲೇ ನಾಲ್ಕೈದು ಸೆಟ್ ಒಯ್ಯಿರಿ. ಬ್ಯಾಂಜೋ ತಂತಿಯ ತುದಿಯಲ್ಲಿ ಕುಣಿಕೆ ಇರುತ್ತದೆ, ಗಿಟಾರ್ ತಂತಿಯಲ್ಲಿ ಪುಟ್ಟ ಉಂಡೆ. ಖಾಲಿಯಾದರೆ ಶಿವಮೊಗ್ಗದಲ್ಲಿ ಗಿಟಾರ್‌ನ ತೆಳು ತಂತಿ ತಂದು ಇಕ್ಕಳದಿಂದ ಉಂಡೆ ಒಡೆದು ತೆಗೆಯಿರಿ, ಕುಣಿಕೆ ಉಳಿಯುತ್ತದೆ. ಒಂದು ಮತ್ತು ಐದನೆಯದಕ್ಕೆ ಹತ್ತನೇ ನಂಬರ್ ದಪ್ಪದ ತಂತಿ ನಡೆಯುತ್ತದೆ.

ಮುಖ್ಯವಾದದ್ದು: ತಂತಿಗಳನ್ನೆಲ್ಲ ಒಟ್ಟಿಗೆ ಬಿಚ್ಚಬೇಡಿ. ಕುದುರೆಯನ್ನು, ಅಂದರೆ ಹೊದಿಕೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡನ್ನು, ಅಂಟಿಸಿರುವುದಿಲ್ಲ, ತಂತಿಯ ಒತ್ತಡಕ್ಕೆ ನಿಂತಿರುತ್ತದೆ. ನಾನು ಶ್ರದ್ಧೆಯಿಂದ ಎಲ್ಲ ಬಿಚ್ಚಿ ಒರೆಸಿದೆ, ಕುದುರೆ ಸೋಫಾ ಕೆಳಗೆ ಹೋಯಿತು. ಮತ್ತೆ ಎಲ್ಲಿಡಬೇಕು ಅಂತ ತಿಳಿಯದೆ ಎರಡು ದಿನ ಅಪಸ್ವರ. ಇದಕ್ಕೆ ಉಪಾಯ ಸುಲಭ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬಂದರೆ ಕುದುರೆ ಸರಿಯಾದ ಜಾಗದಲ್ಲಿದೆ. ಒತ್ತಿದ್ದು ಏರಿದ್ದರೆ ಕುದುರೆಯನ್ನು ಕತ್ತಿನಿಂದ ದೂರ ಸರಿಸಿ, ಇಳಿದಿದ್ದರೆ ಹತ್ತಿರ. ಜಾಗ ಸಿಕ್ಕ ಮೇಲೆ ಹೊದಿಕೆಯ ಮೇಲೆ ಪೆನ್ಸಿಲ್ ಗುರುತು ಹಾಕಿಡಿ.

ವಿಮಾನದಲ್ಲಿ ಕೈಯಲ್ಲೇ ಒಯ್ಯಬಹುದಾ ಅಂತ ಟಿಕೆಟ್ ಕೊಟ್ಟವರನ್ನು ಮೊದಲೇ ಕೇಳಿಬಿಡಿ. ಲಗೇಜಿಗೆ ಹಾಕಲೇಬೇಕಾದರೆ ಗಟ್ಟಿ ಪೆಟ್ಟಿಗೆ ಬೇಕು. ತಂತಿ ಸಡಿಲ ಮಾಡಿ, ಕುದುರೆಯ ಕೆಳಗೆ, ಮೇಲೆ ಬಟ್ಟೆ ತುರುಕಿ. ಸಂಜೆ ಹೊತ್ತು ಪಕ್ಕದ ಮನೆಯವರು ಗೊಣಗಿದರೆ ಅದೇ ಬಟ್ಟೆಯನ್ನು ಹಿಂಬದಿಯಿಂದ ಹೊದಿಕೆಗೆ ತಾಗುವಂತೆ ತುರುಕಿ ನುಡಿಸಿ, ಸದ್ದು ಅರ್ಧಕ್ಕರ್ಧ ಇಳಿಯುತ್ತದೆ.

ಕಾರ್ಯಕ್ರಮ ಕೇಳಿ ಬಂದ ಮೇಲೆ ಇಲ್ಲಿ ಬರೆಯಿರಿ ಮೇಷ್ಟ್ರೇ. ಎಷ್ಟು ಹಾಡಿಗೆ ಎರಡನೇ ತಂತಿ ಮಧ್ಯಮಕ್ಕೆ ಏರಿತ್ತು ಅಂತ ನಿಮ್ಮ ಕಿವಿ ಹೇಳಬೇಕು.